ಶಿಂಗಲ್ ಕೀಳದಂಗ ಮೊಳಿ ನೋಡಿದ್ದು

ಮೇ ತಿಂಗಳ ಕೊನೀ ವಾರ. ಕಲಬುರಗಿ ಬಿಸ್ಲು ನಿಮಗೆಲ್ಲಾ ಗೊತ್ತೇ ಅದ, 43 ಡಿಗ್ರಿ ಅಂದ್ರ ನಮಗ ಮಾಮೂಲು, ಅವತ್ತೂ ಹಂಗೇ ಇತ್ತು. ಸಂಜಿ ಐದೂವರಿಗೆ ಜೇವರ್ಗಿ ಕಡಿಂದ ಮಾಡ ಕರ್ರಗ ಎದ್ದು ಬಂತು, ಮೊದ್ಲು ಧೂಳು, ಆಮ್ಯಾಲ ಗಾಳಿ, ಮಳಿ ಬಂದಿದ್ದು ಹತ್ತು ನಿಮಿಷ ಅಷ್ಟೇ. ಆ ಹತ್ತು ನಿಮಿಷದಾಗ ನಮ್ಮ ಓಣ್ಯಾಗ ಎರಡು ಮನಿ ತಗಡಿನ ಪತ್ರಾ ಹಾರಿದ್ವು, ಒಂದಂತೂ ಮ್ಯಾಲ ಇಟ್ಟಿದ್ದ ಕಲ್ಲಿನ ಸಮೇತ ಹೋಗಿ ಬಾಜೂಕಿನ ಖಾಲಿ ಪ್ಲಾಟ್‌ದಾಗ ಬಿದ್ದಿತ್ತು, ಕರೆಂಟ್ ಬಂದಿದ್ದು ರಾತ್ರಿ ಹನ್ನೊಂದಕ್ಕ. ಮುಂಜಾನಿ ಅಂಗಳ ಕಸ ಹೊಡಿಲಾಕ ಹೋದ ಅವ್ವ ಕೈಯಾಗ ಎರಡು ಕರೀ ತುಂಡು ಹಿಡ್ಕೊಂಡು ಒಳಗ ಬಂದ್ಳು. "ಇದು ನಮ್ಮ ಮನೀದೇ ಏನು ನೋಡಪ" ಅಂದ್ಳು. ನಮ್ಮದೇ. ಮ್ಯಾಲಿನ ರೂಮಿನ ಶಿಂಗಲ್.

ನಮ್ಮ ಕಡಿ ಮಾಳಿಗಿ ಅಂದ್ರ ಮೊದ್ಲಿಂದ ಸಪಾಟ. ಅಜ್ಜನ ಮನ್ಯಾಗ ತೊಲಿ, ಜಂತಿ, ಅದರ ಮ್ಯಾಲ ಮಣ್ಣು, ಮಳಿಗಾಲಕ್ಕ ಮೊದ್ಲು ಮ್ಯಾಲ ಏರಿ ಸೌಳು ಮಣ್ಣು ಹಾಕಿ ತುಳದು ಬರೋದು, ಆಮ್ಯಾಲ ಶಹಾಬಾದಿ ಪರ್ಸಿ ಬಂತು, ಆಮ್ಯಾಲ ಸ್ಲ್ಯಾಬ್ ಮತ್ತ ಪತ್ರಾ. ಇಳಿಜಾರು ಮಾಡಿ ಶಿಂಗಲ್ ಹೊಡ್ಸೋದು ಈಗೀಗ ಹೊಸ ಲೇಔಟ್‌ಗಳಾಗ ಬಂದದ. ನಾವೂ ಸೇಡಂ ರೋಡ್ ಕಡಿ ಮನಿ ಕಟ್ಟಿಸಿದಾಗ ಮ್ಯಾಲ ಒಂದು 20 ಫೂಟ್ ಉದ್ದದ ರೂಮಿಗೆ ಅದನ್ನೇ ಹಾಕ್ಸಿದ್ವಿ: ಕಬ್ಬಿಣದ ಫ್ರೇಮ್, ಅದರ ಮ್ಯಾಲ 12 ಮಿಲಿಮೀಟರ್ ಪ್ಲೈ, ಪ್ಲೈ ಮ್ಯಾಲ ಡಾಂಬರ್ ಹಾಳಿ, ಅದರ ಮ್ಯಾಲ ಶಿಂಗಲ್. ಶಿಂಗಲ್ ಅಂದ್ರ ಏನೂ ದೊಡ್ಡದಲ್ಲ, ನಡುವ ಫೈಬರ್‌ಗ್ಲಾಸ್ ಹಾಳಿ, ಎರಡೂ ಕಡಿ ಡಾಂಬರ್, ಬಿಸ್ಲು ತಡಿಲಾಕ ಮ್ಯಾಲ ಬಣ್ಣದ ಹರಳು. 3 ಫೂಟ್ ಉದ್ದ, 1 ಫೂಟ್ ಅಗಲ, ಅದರ ಕೆಳಗಿನ ಅರ್ಧ ಮೂರು ಎಲಿ ಇದ್ದಂಗ ಸೀಳಿರ್ತದ. ಆ ಮೂರರಾಗ ಒಂದೊಂದು ಎಲಿ ಹರದು ಬಿದ್ದಿತ್ತು ಅವ್ವನ ಕೈಯಾಗ.

ಹೊಡ್ಸಿ ಇನ್ನಾ ಒಂದು ವರ್ಷ ಆಗಿರ್ಲಿಲ್ಲ. ಕೆಲಸ ಮಾಡಿದ ಕಾಂಟ್ರಾಕ್ಟರ್ ಎರಡು ವರ್ಷ ನಾನೇ ನೋಡ್ಕೋತೀನಿ ಅಂತ ಬರದು ಕೊಟ್ಟಿದ್ದ. ಫೋನ್ ಮಾಡ್ದೆ, ಒಬ್ಬ ಹುಡುಗನ್ನ ಕಳಿಸ್ದ. ಆ ಹುಡುಗ ಮಧ್ಯಾಹ್ನ ಹನ್ನೆರಡಕ್ಕ ಬಂದ, ಸ್ಲಿಪ್ಪರ್ ಹಾಕ್ಕೊಂಡೇ ಮ್ಯಾಲ ಏರ್ದ, ನಾನು ಬ್ಯಾಡ ಅನ್ನೋದ್ರಾಗ ಸ್ಕ್ರೂಡ್ರೈವರ್ ತಗೊಂಡು ಒಂದು ಎಲಿ ಕೆಳಗ ತೂರ್ಸಿ ಮೀಟ್ದ. ಗಟ್ಟಿಯಾಗಿ ಹತ್ತಿದ್ದ ಎಲಿ ಅದು, ನಡುವ ಹರೀತು. "ನೋಡ್ರಿ ಸಾರ್, ಮೊಳಿ ಅದ, ಎಲ್ಲಾ ಬರೋಬರಿ ಅದ" ಅಂತ ಹೇಳಿ ಇಳದು ಹೋದ. ಅವ ನಿಂತಿದ್ದ ಜಾಗದಾಗ ಹೆಜ್ಜಿ ಹೆಜ್ಜಿಗೆ ಹರಳು ಕಿತ್ತು ಕರೀ ಕಲೆ ಬಿದ್ದಿದ್ವು, ಯಾಕಂದ್ರ ಆ ಹೊತ್ತಿನ್ಯಾಗ ಡಾಂಬರ್ ಹಿಟ್ಟಿನಂಗ ಮೆತ್ತಗ ಆಗಿರ್ತದ. ಗಟ್ಟಿ ಇದ್ದದ್ದನ್ನ ಹರದು, ಗಟ್ಟಿ ಅದ ಅಂತ ಹೇಳಿ ಹೋದ ಅಂದ್ರ ನನಗ ಭಾಳ ಸಿಟ್ಟು ಬಂತು. ಆದ್ರ ಸಿಟ್ಟಿನಕಿಂತ ಚಿಂತಿ ಜಾಸ್ತಿ ಇತ್ತು, ಉಳಿದ ಮೊಳಿ ಹ್ಯಾಂಗ ಹೊಡದಾರ ಅಂತ ಗೊತ್ತಾಗ್ಬೇಕು, ಗೊತ್ತು ಮಾಡ್ಕೋಳ್ಳಾಕ ಹೋಗಿ ಇದ್ದದ್ದನ್ನ ಕೆಡಿಸ್ಕೋಬಾರ್ದು.

ಮೊದ್ಲು ಮೊಳಿ ಎಲ್ಲಿ ಇರ್ಬೇಕು ಅನ್ನೋದು ತಿಳ್ಕೊಂಡೆ. ಉಳಿದಿದ್ದ ಒಂದು ಬಂಡಲ್‌ದಾಗಿನ ಶಿಂಗಲ್ ತಗದು ನೆಲದ ಮ್ಯಾಲ ಒಂದರ ಮ್ಯಾಲ ಒಂದು ಹಾಸಿ, ಪಟ್ಟಿ ಹಿಡ್ದು ಅಳ್ದೆ. ಪ್ರತಿ ಸಾಲು ಹೊರಗ ಕಾಣೋದು 5 ಇಂಚು, ಉಳಿದದ್ದು ಮ್ಯಾಲಿನ ಸಾಲಿನ ಕೆಳಗ ಮುಚ್ಚಿರ್ತದ. ಒಂದು ಶಿಂಗಲ್‌ಗೆ 4 ಮೊಳಿ, ಗಾಳಿ ಜಾಸ್ತಿ ಇರೋ ಕಡಿ 6. ನಾಲ್ಕರಾಗ ಎರಡು ಎರಡೂ ತುದಿಂದ 1 ಇಂಚು ಒಳಗ, ಇನ್ನೆರಡು ಸೀಳಿನ ಮ್ಯಾಲ. ಎತ್ತರ ಕೆಳಗಿನ ಅಂಚಿಂದ ಐದೂವರಿ ಇಂಚಿಗೆ ಜರಾ ಮ್ಯಾಲ, ಗಮ್ ಪಟ್ಟಿ (ಮ್ಯಾಲಿನ ಸಾಲಿನ ಎಲಿ ಹಿಡಿಯೋ ಅಂಟಿನ ಪಟ್ಟಿ) ಕೆಳಗ. ಈ ಎತ್ತರ ಯಾಕ ಅಷ್ಟು ಮುಖ್ಯ ಅನ್ನೋದು ಹಾಸಿ ನೋಡಿದಾಗ ನನಗ ತಿಳೀತು. ಆ ಜಾಗದಾಗ ಹೊಡದ್ರ ಮೊಳಿ ತನ್ನ ಶಿಂಗಲ್ ಜೊತಿ ಕೆಳಗಿನ ಸಾಲಿನ ತಲಿನೂ ಹಿಡೀತದ, ಅಂದ್ರ ಪ್ರತಿ ಶಿಂಗಲ್‌ಗೆ ತನ್ನ ನಾಲ್ಕು, ಮ್ಯಾಲಿನವರ ನಾಲ್ಕು, ಒಟ್ಟು ಎಂಟು ಮೊಳಿ ಹಿಡತ. 7 ಇಂಚಿಗಿಂತ ಮ್ಯಾಲ ಹೊಡದ್ರ ಕೆಳಗಿನದ್ದು ತಪ್ಪತದ, ಹಿಡತ ಅರ್ಧಕ್ಕ ಇಳೀತದ. ಹೊರಗಿಂದ ನೋಡಿದ್ರ ಎರಡಕ್ಕೂ ಏನೂ ಫರಕ್ ಕಾಣಲ್ಲ.

ಇನ್ನ ಹೊಡಿಯೋ ರೀತಿ. ಮೊಳಿ ತಲಿ ಶಿಂಗಲ್ ಮ್ಯಾಲ ಸಮ ಕೂತಿರ್ಬೇಕು. ಗಾಳಿ ಗನ್‌ದಾಗ ಪ್ರೆಶರ್ ಜಾಸ್ತಿ ಇಟ್ಟು ಹೊಡದ್ರ ತಲಿ ಒಳಗ ಹೂತು ಫೈಬರ್‌ಗ್ಲಾಸ್ ಹಾಳಿ ಕತ್ತರಿಸ್ತದ, ಮೊಳಿ ಅದ ಆದ್ರ ಹಿಡಿಲಾಕ ಏನೂ ಇಲ್ಲ. ಕಮ್ಮಿ ಹೊಡದ್ರ ತಲಿ ಎದ್ದು ನಿಂತು ಮ್ಯಾಲಿನ ಶಿಂಗಲ್ ಹತ್ತಗೊಡಲ್ಲ, ದಿನಾ ತಿಕ್ಕಿ ತಿಕ್ಕಿ ಅದಕ್ಕ ತೂತು ಮಾಡ್ತದ. ಸೊಟ್ಟ ಹೊಡದ್ರ ತಲಿ ಒಂದು ಅಂಚು ಚಾಕು ಇದ್ದಂಗ ಕೊರೀತದ.

ನಮ್ಮ ಪುಣ್ಯಕ್ಕ ಆ ರೂಮಿಗೆ ಇನ್ನಾ ಸೀಲಿಂಗ್ ಹಾಕ್ಸಿರ್ಲಿಲ್ಲ, ರೊಕ್ಕ ಸಾಲದಕ್ಕ ಬಿಟ್ಟಿದ್ವಿ. ಹಿಂಗಾಗಿ ಒಳಗ ನಿಂತು ಮ್ಯಾಲ ನೋಡಿದ್ರ ಪ್ಲೈ ಕಾಣ್ತದ, ಪ್ಲೈ ತೂರಿ ಬಂದ ಮೊಳಿ ತುದಿ ಕಾಣ್ತಾವ. ಮ್ಯಾಲ ಒಂದು ಹೆಜ್ಜಿ ಇಡ್ದೆ ಅರ್ಧ ತಪಾಸಣಿ ಇಲ್ಲೇ ಆಗ್ತದ ಅಂತ ನನಗ ಅವತ್ತು ಹೊಳೀತು. ನೀವು ಶಿಂಗಲ್ ಹೊಡ್ಸೋರಿದ್ರ ದಯವಿಟ್ಟು ಸೀಲಿಂಗ್ ಮುಚ್ಚೋಕಿಂತ ಮೊದ್ಲು ಇದೊಂದು ಮಾಡ್ರಿ. ತಲಿಗೆ ಟೋಪಿ, ಕಣ್ಣಿಗೆ ಕನ್ನಡಕ ಹಾಕ್ಕೊಂಡೇ ನಿಲ್ರಿ, ತುದಿಗಳು ಸೂಜಿ ಇದ್ದಂಗ ಇರ್ತಾವ.

ಬ್ಯಾಟ್ರಿ ಅಡ್ಡ ಹಿಡ್ದು ನೋಡಿದ್ರ ಸಾಲು ಸಾಲಾಗಿ ತುದಿಗಳ ನೆರಳು ಬೀಳ್ತದ. ಸರಿಯಾಗಿ ಹೊಡದಿದ್ರ ಸಾಲಿಂದ ಸಾಲಿಗೆ 5 ಇಂಚು, ಸಾಲಿನ್ಯಾಗ 11, 12, 11 ಇಂಚಿಗೆ ಒಂದೊಂದು, ಎರಡು ಶಿಂಗಲ್ ಕೂಡೋ ಕಡಿ 2 ಇಂಚು ಅಂತರದಾಗ ಜೋಡಿ ತುದಿ. ಒಂದು ಗ್ರಾಫ್ ಹಾಳಿ ಮ್ಯಾಲ ಎರಡೂ ಇಳಿಜಾರಿನ 19, 19 ಸಾಲು ಕೆಳಗಿಂದ ಎಣಿಸಿ ಬರ್ಕೊಂಡು ಒಂದೊಂದೇ ಗುರ್ತು ಹಾಕ್ತಾ ಹೋದೆ, ಮಗಳು ಕೆಳಗ ನಿಂತು ಬರೀತಿದ್ಳು, ನಾನು ಮ್ಯಾಲ ನೋಡಿ ಹೇಳ್ತಿದ್ದೆ. ಪೂರ್ವ ಕಡಿ ಎಲ್ಲಾ ಚೊಲೋ ಇತ್ತು. ಪಶ್ಚಿಮ ಕಡಿ 13ನೇ ಸಾಲು ಮತ್ತ 14ನೇ ಸಾಲಿನ ನಡುವ 5 ಇಂಚು ಇರೋದು ಏಳೂವರಿ ಇತ್ತು, ಮತ್ತ 16 ಮತ್ತ 17ರ ನಡುವ ಬರೇ ಎರಡೂವರಿ. ನಡುವಿನ ಮೂರು ಸಾಲು ಮಾತ್ರ ಮ್ಯಾಲ ಸರದಾವ ಅಂತ ಇದರ ಅರ್ಥ. ಬ್ಯಾರೆ ಯಾರೋ ಬಂದು ಹೊಡದಂಗ ಇತ್ತು.

ತುದಿ ಎಷ್ಟು ಹೊರಗ ಬಂದದ ಅನ್ನೋದೂ ಮಾತಾಡ್ತದ. 25 ಮಿಲಿಮೀಟರ್ ಮೊಳಿ, ಎರಡು ಶಿಂಗಲ್, ಹಾಳಿ, 12 ಮಿಲಿಮೀಟರ್ ಪ್ಲೈ ದಾಟಿದ್ರ ಹೊರಗ ಉಳಿಯೋದು ಐದಾರು ಮಿಲಿಮೀಟರ್. ಬರೇ ಮೂತಿ ಅಷ್ಟೇ ಕಂಡ್ರ ಮೊಳಿ ಮ್ಯಾಲ ಎದ್ದು ನಿಂತದ. ಜಾಸ್ತಿ ಉದ್ದ ಕಂಡ್ರ ಎರಡು ಅರ್ಥ ಬರ್ತಾವ, ಒಂದೋ ತಲಿ ಒಳಗ ಹೂತದ, ಇಲ್ಲಾಂದ್ರ ಮೊಳಿ ಕೆಳಗಿನ ಸಾಲು ತಪ್ಪಿಸಿ ಒಂದೇ ಶಿಂಗಲ್ ದಾಟಿ ಬಂದದ. ಆ ಮೂರು ಸಾಲಿನ ತುದಿ ಎಲ್ಲಾ ಉದ್ದ ಇದ್ವು. ಮತ್ತ ಇನ್ನೂ ಒಂದು ಐದು ಕಡಿ, ಕೆಳಗಿನ 5ನೇ ಸಾಲಿನ್ಯಾಗ, ಉದ್ದ ಇದ್ವು, ಆದ್ರ ಅವು ಸಾಲು ಬಿಟ್ಟಿರ್ಲಿಲ್ಲ. ಆ ಐದು ಜಾಗಕ್ಕ ಕೆಂಪು ಗುರ್ತು ಹಾಕಿ ಇಟ್ಟೆ.

ಆದ್ರ ಒಳಗಿಂದ ನೋಡಿದ್ರ ಸಾಲಿನ ಅಂತರ ಅಷ್ಟೇ ಗೊತ್ತಾಗ್ತದ, ಎಲ್ಲಾ ಸಾಲೂ ಸಮ ಮ್ಯಾಲ ಹೊಡದಿದ್ರ ಅಂತರ 5 ಇಂಚೇ ಬರ್ತದಲ್ಲ. ಇದನ್ನ ಬಗಿಹರಿಸಿದ್ದು ನಮ್ಮ ಓಣಿ ಪತ್ರಾ ಕೆಲಸದ ಮಿಸ್ತ್ರಿ ಚಾಚಾ. ನಲವತ್ತು ವರ್ಷ ಪತ್ರಾ ಕೂಡ್ಸಿದ ಕೈ ಅವರದು, ಶಿಂಗಲ್ ಮುಟ್ಟಿದವ್ರಲ್ಲ, ಆದ್ರ ನಾನು ನೆಲದ ಮ್ಯಾಲ ಹಾಸಿದ್ದನ್ನ ಕೂತು ಭಾಳ ಹೊತ್ತು ನೋಡಿದ್ರು.

"ಬೇಟಾ, ಮೊಳಿ ಕಬ್ಬಿಣದ್ದೇ ಹೌದಲ್ಲ?"

"ಹೌದ್ರಿ ಚಾಚಾ, ಸತುವು ಹಚ್ಚಿದ ಕಬ್ಬಿಣ."

"ಮತ್ಯಾಕ ಎತ್ತಿ ನೋಡ್ತಿ? ಮ್ಯಾಗ್ನೆಟ್ ತಗೊಂಡು ಬಾ."

ಕೆಟ್ಟ ಕಂಪ್ಯೂಟರ್ ಹಾರ್ಡ್‌ಡಿಸ್ಕ್ ಒಳಗ ಒಂದು ಸಣ್ಣ ಮ್ಯಾಗ್ನೆಟ್ ಇರ್ತದ, ಭಾಳ ಜೋರು. ರಿಪೇರಿ ಅಂಗಡ್ಯಾಗ ಕೇಳಿ ತಂದೆ, ಹರಳು ಗೀಚಬಾರ್ದು ಅಂತ ಚಾಚಾ ಅದನ್ನ ಹಳೀ ಬನಿಯನ್ ತುಂಡಿನ್ಯಾಗ ಸುತ್ತಿ ದಾರ ಕಟ್ಟಿದ್ರು. ಶಿಂಗಲ್ ಮ್ಯಾಲ ಮೆಲ್ಲಗ ಆಡಿಸಿದ್ರ ಕೆಳಗ ಮೊಳಿ ತಲಿ ಇದ್ದ ಕಡಿ ಕೈಗೆ ಜಗ್ಗಿದ್ದು ತಿಳೀತದ. ಲೆಕ್ಕ ಸರಳ: ಮೊಳಿ ಸರಿ ಜಾಗದಾಗ ಇದ್ರ ಮ್ಯಾಲಿನ ಎಲಿ ಕೆಳ ಅಂಚಿಂದ ಮುಕ್ಕಾಲು ಇಂಚಿನೊಳಗ ಜಗ್ತದ. 2 ಇಂಚಿಗಿಂತ ಮ್ಯಾಲ ಜಗ್ಗಿದ್ರ ಅದು ಕೆಳಗಿನ ಸಾಲು ತಪ್ಪಿಸಿದ ಮೊಳಿ. ಒಂದು ಎಲಿನೂ ಎತ್ತೋದು ಬ್ಯಾಡ. ಮೊಳಿ ತಾಮ್ರದ್ದೋ ಅಲ್ಯುಮಿನಿಯಂದೋ ಇದ್ರ ಮಾತ್ರ ಇದು ನಡಿಯಲ್ಲ.

ಅಲ್ಲಿಂದ ಮ್ಯಾಲ ಏರೋ ಮಾತು. ಅವ್ವ ಹಗ್ಗ ಕಟ್ಟಿಲ್ಲಂದ್ರ ಏರಗೊಡಲ್ಲ ಅಂತ ನಿಚ್ಚಣಿಕಿ ಹತ್ರಾನೇ ಕೂತಿದ್ಳು, ಅಕಿ ಕೂತಿದ್ದು ಚೊಲೋನೇ ಆಯ್ತು. ಸೇಫ್ಟಿ ಬೆಲ್ಟ್ ಬಾಡಿಗಿ ತಂದು ಹಗ್ಗ ಆ ಕಡಿ ಪಿಲ್ಲರ್‌ಗೆ ಕಟ್ಟಿದ್ವಿ. ನಿಚ್ಚಣಿಕಿ ತಲಿಗೆ ಗೋಣಿ ಸುತ್ತಿದ್ವಿ, ಅಂಚಿನ ಶಿಂಗಲ್ ಮುರೀಬಾರ್ದು ಅಂತ, ಮತ್ತ 4 ಫೂಟ್ ಎತ್ತರಕ್ಕ 1 ಫೂಟ್ ಲೆಕ್ಕದಾಗ ಬುಡ ದೂರ ಇಟ್ವಿ. ಕಾಲಿಗೆ ಮೆತ್ತನ ರಬ್ಬರ್ ತಳದ ಕ್ಯಾನ್ವಾಸ್ ಬೂಟು. ಕೂಡ್ಲಾಕ ಹಳೀ ಸೋಫಾದ ಫೋಮ್ ತುಂಡು, ಅದು ಇಳಿಜಾರಿನ ಮ್ಯಾಲ ಜಾರಲ್ಲ, ಹರಳೂ ಕೀಳಲ್ಲ, ಹೆಜ್ಜಿ ಇಡೋ ಬದ್ಲು ಫೋಮ್ ಸರಿಸಿ ಸರಿಸಿ ಕೂಡ್ತಾ ಹೋಗೋದು.

ಎಲ್ಲಾಕಿಂತ ದೊಡ್ಡದು ಹೊತ್ತು. ಚಳಿ ದೇಶದವ್ರು ಶಿಂಗಲ್ ಬಗ್ಗೆ ಹೇಳೋವಾಗ ಥಂಡ್ಯಾಗ ಎತ್ತಬ್ಯಾಡ್ರಿ, ಪಾಪಡ್ ಇದ್ದಂಗ ಮುರೀತದ ಅಂತ ಹೇಳ್ತಾರ, ಅವರಲ್ಲಿ ಸೊನ್ನಿ ಹತ್ರ ಇಳೀತದ, ಅವರಿಗೆ ಅದು ಖರೆ. ನಮ್ಮೂರಾಗ ಮಾತು ಉಲ್ಟಾ. ನಮಗ ಬಿಸ್ಲೇ ವೈರಿ. ಜೂನ್ ಮೊದಲ ವಾರದಾಗ ಮುಂಜಾನಿ ಐದೂವರಿಗೆ ಏರ್ತಿದ್ದೆ, ಎಂಟಕ್ಕ ಇಳೀತಿದ್ದೆ, ಅದರಾಚಿಗೆ ಅಂಗೈ ಇಟ್ರ ಡಾಂಬರ್ ಮೆತ್ತಗ ಆಗ್ಲತ್ತಿದ್ದು ತಿಳೀತಿತ್ತು. ರಾತ್ರಿ ಮಳಿ ಬಂದಿದ್ರ ಅವತ್ತು ಏರೋದೇ ಇಲ್ಲ. ಹಿಂಗ ನಾಕು ಮುಂಜಾನಿ ಹಿಡೀತು.

ಮ್ಯಾಗ್ನೆಟ್ ಆಡಿಸಿ ಚಾಕ್‌ಪೀಸ್ ಗುರ್ತು ಹಾಕ್ತಾ ಹೋದೆ. ಉಳಿದ ಸಾಲೆಲ್ಲಾ ಮುಕ್ಕಾಲು ಇಂಚಿನ್ಯಾಗೇ ಜಗ್ಗಿದ್ವು, ಅದು ಗೊತ್ತಾದಾಗ ಎದಿ ಮ್ಯಾಲಿನ ಕಲ್ಲು ಇಳದಂಗ ಆಯ್ತು. 14, 15, 16 ಮಾತ್ರ ಮೂರು ಇಂಚಿನ ಮ್ಯಾಲ ಜಗ್ಗಿದ್ವು, ಒಳಗಿನ ನಕ್ಷಿಗೂ ಹೊರಗಿನ ಗುರ್ತಿಗೂ ಕೂಡಿ ಬಂತು.

ಎರಡನೇ ಕೆಲಸ ಬೆರಳಿಂದ. ಎಲಿ ಕೆಳ ಅಂಚಿಗೆ ಹೆಬ್ಬೆರಳು ಇಟ್ಟು, ಪುಸ್ತಕದ ಹಾಳಿ ತೆರಿಯೋವಾಗ ಹಾಕ್ತೀವಲ್ಲ ಅಷ್ಟೇ ಜೋರು ಹಾಕಿ ಮ್ಯಾಲ ಒತ್ತೋದು. ಹತ್ತಿದ್ದು ಅಲುಗಾಡಲ್ಲ, ಅದನ್ನ ಅಲ್ಲೇ ಬಿಟ್ಬಿಡೋದು. ಹತ್ತದೇ ಇದ್ದದ್ದು ತಾನೇ ಎದ್ದು ಬರ್ತದ, ಅಂಥಾದ್ರ ಕೆಳಗ ಬ್ಯಾಟ್ರಿ ಬಿಟ್ಟು ಮೊಬೈಲ್ ತೂರ್ಸಿ ಫೋಟೋ ತಗೋಳೋದು. ಪಶ್ಚಿಮದ 12ನೇ ಸಾಲಿನ್ಯಾಗ ಒಂದರ ಹಿಂದ ಒಂದು ಎದ್ದು ಬಂದ್ವು. ಹಾರಿದ ಎರಡೂ ತುಂಡು ಅದೇ ಸಾಲಿನವು. ಕೆಳಗ ನೋಡಿದ್ರ ಮೊಳಿ ಎಲ್ಲಾ ಸರಿ, ಸಮ ಕೂತಾವ, ಆದ್ರ 11ನೇ ಸಾಲಿನ ಗಮ್ ಪಟ್ಟಿ ಮ್ಯಾಲ ಬೂದಿ ಬಳದಂಗ ಧೂಳು.

ಅವಾಗ ನೆನಪಾಯ್ತು. ಹೋದ ವರ್ಷ ಕೆಲಸ ನಡದಾಗ ಗಣೇಶ ಹಬ್ಬಕ್ಕ ಅಂತ ಕೆಲಸದವ್ರು ಊರಿಗೆ ಹೋಗಿ ಇಪ್ಪತ್ತು ದಿನ ಬಂದಿರ್ಲಿಲ್ಲ, ಪಶ್ಚಿಮ ಕಡಿ ಅರ್ಧಕ್ಕ ನಿಂತಿತ್ತು, ಮುಂದಿನ ರೋಡ್ ಕೆಲಸ ಬ್ಯಾರೆ ನಡದಿತ್ತು. 11ನೇ ಸಾಲಿಗೆ ಬಂದು ನಿಲ್ಸಿದ್ರು. ಗಮ್ ಪಟ್ಟಿ ಇಪ್ಪತ್ತು ದಿನ ಆಕಾಶ ನೋಡ್ಕೋತ ಧೂಳು ತಿಂತು, ಹಳಬರ ಬದ್ಲು ಬಂದ ಹೊಸಾ ಹುಡುಗರು ಒರಸ್ದೇ 12ನೇ ಸಾಲು ಹೊಡದ್ರು. ಈ ಪಟ್ಟಿ ಬಿಸ್ಲಿಗೆ ಕರಗಿ ಮ್ಯಾಲಿನ ಎಲಿ ಹಿಡ್ಕೋಬೇಕು, ನಮ್ಮೂರ ಬಿಸ್ಲಿಗೆ ಅದು ಹತ್ತಲಿಲ್ಲ ಅಂದ್ರ ಧೂಳಲ್ದೇ ಬ್ಯಾರೆ ಕಾರಣ ಇರ್ಲಿಕ್ಕಿಲ್ಲ. ಮತ್ತ ಆ ಹೊಸಾ ಹುಡುಗರೇ ಮುಂದ 14, 15, 16 ಹೊಡದವ್ರು, ಹಳಬರು ಆಮ್ಯಾಲ ಬಂದು ಮ್ಯಾಲಿನದ್ದು ಮುಗಿಸಿದ್ರು. ಕೆಲವರು ಶಿಂಗಲ್ ಹಿಂದಿನ ಪ್ಲಾಸ್ಟಿಕ್ ಪಟ್ಟಿ ಕೀಳದಕ್ಕೇ ಹತ್ತಿಲ್ಲ ಅಂತ ಹೇಳಿದ್ರು, ಅದು ತಪ್ಪು. ಆ ಪಟ್ಟಿ ಬಂಡಲ್‌ದಾಗ ಒಂದಕ್ಕೊಂದು ಅಂಟಬಾರ್ದು ಅಂತ ಇರೋದು, ಹೊಡದ ಮ್ಯಾಲ ಅದು ಗಮ್‌ಗೆ ಅಡ್ಡ ಬರಲ್ಲ. ಇನ್ನೊಬ್ರು ಪ್ರೆಶರ್ ಪಂಪ್ ಹಚ್ಚಿ ನೀರು ಹೊಡೀರಿ, ಸಡಲಿದ್ದು ಗೊತ್ತಾಗ್ತದ ಅಂದ್ರು. ದಯವಿಟ್ಟು ಬ್ಯಾಡ, ಹರಳು ಎಲ್ಲಾ ತೊಳದು ಹೋಗ್ತದ, ಎಲಿ ಕೆಳಗ ನೀರು ಉಲ್ಟಾ ಏರ್ತದ.

ಮಳಿ ಹಿಡಿಯೋಕಿಂತ ಮೊದ್ಲು 12ನೇ ಸಾಲು ನಾವೇ ಹತ್ತಿಸಿದ್ವಿ. ಒಣ ಬಟ್ಟಿಂದ ಧೂಳು ಒರಸಿ, ಪ್ರತಿ ಎಲಿ ಕೆಳಗ ಶಿಂಗಲ್‌ಗೇ ಬರೋ ಡಾಂಬರ್ ಸಿಮೆಂಟ್ ರೂಪಾಯಿ ಬಿಲ್ಲಿ ಅಷ್ಟು ಎರಡು ಬೊಟ್ಟು ಇಟ್ಟು ಅಂಗೈಯಿಂದ ಒತ್ತೋದು. ಜಾಸ್ತಿ ಹಚ್ಚಿದ್ರ ಗಟ್ಟಿ ಆಗ್ತದ ಅಂತ ಅನಸ್ತದ, ಹಂಗಿಲ್ಲ, ಜಾಸ್ತಿ ಆದ್ರ ಶಿಂಗಲ್ ಬೊಬ್ಬಿ ಏಳ್ತದ. ಹರದಿದ್ದ ಮೂರಕ್ಕ ಬಂಡಲ್‌ದಾಗಿನ ಹೊಸಾವು ಕೂಡಿಸಿದ್ವಿ.

ಉಳಿದದ್ದು ಆ ಐದು ಕೆಂಪು ಗುರ್ತು. ತುದಿ ಉದ್ದ, ಆದ್ರ ಮ್ಯಾಗ್ನೆಟ್ ಸರಿ ಜಾಗದಾಗೇ ಜಗ್ಗಿತ್ತು. ಅಂದ್ರ ತಲಿ ಹೂತಿರ್ಬೇಕು. ಅದನ್ನ ಕಣ್ಣಿಂದ ನೋಡ್ಬೇಕಂದ್ರ ಗಟ್ಟಿ ಹತ್ತಿದ ಎಲಿ ಬಿಡಿಸ್ಬೇಕು. ಜೂನ್‌ದಾಗ ಮುಂಜಾನಿನೂ ಗಮ್ ಬಿಡಲ್ಲ, ಎಳದ್ರ ಚಾಕಲೇಟ್ ಇದ್ದಂಗ ಎಳೀತದ, ಹರಳು ಅದರ ಜೊತಿ ಬರ್ತದ. ಚಾಚಾ "ತೊಗರಿ ರಾಶಿ ತನಕ ತಡಿ ಬೇಟಾ" ಅಂದ್ರು. ತಡದ್ವಿ. ಮಳಿಗಾಲದಾಗ ಗಾಳಿ ಎದ್ದಾಗೆಲ್ಲಾ ನಾನು ಮ್ಯಾಲಿನ ರೂಮಿಗೆ ಹೋಗಿ ಆ ಐದು ತುದಿ ನೋಡ್ತಿದ್ದೆ, ತುಕ್ಕಿನ ನೀರು ಇಳದದ ಏನು ಅಂತ. ಇಳದಿರ್ಲಿಲ್ಲ.

ಡಿಸೆಂಬರ್ ಕೊನೀಗೆ, 15 ಡಿಗ್ರಿ ಥಂಡಿ ಇದ್ದ ಮುಂಜಾನಿ, ಇಬ್ಬರೂ ಏರಿದ್ವಿ. ಪೇಂಟರ್ ಪುಟ್ಟಿ ಬ್ಲೇಡ್ ಮೂಲಿ ಕಾನಸ್ ಹಚ್ಚಿ ದುಂಡಗ ಮಾಡಿದ್ವಿ. ಸೀಳಿನ ಕಡಿಂದ ಬ್ಲೇಡ್ ಚಪ್ಪಟ್ಟಿ ಒಳಗ ಬಿಟ್ಟು, ಮೀಟದಂಗ, ಅಡ್ಡಡ್ಡ ಸರಿಸಿದ್ರ ಥಂಡಿಗೆ ಗಟ್ಟಿ ಆದ ಗಮ್ ಸಣ್ಣ ಸಪ್ಪಳ ಮಾಡ್ತಾ ಬಿಡ್ತಾ ಹೋಗ್ತದ. ಒಂದು ಎಲಿಗೆ ಐದಾರು ನಿಮಿಷ. ಬಿಟ್ಟ ಮ್ಯಾಲನೂ ಎಲಿ ಹಿಂದಕ್ಕ ಮಡಚಬಾರ್ದು, ನಾಕು ಬೆರಳು ಎತ್ತರ ಎತ್ತಿದ್ರ ಸಾಕು, ಜಾಸ್ತಿ ಆದ್ರ ಬುಡದಾಗ ಬಿರಕು ಬಿಡ್ತದ. ಐದರಾಗ ಎರಡು ಚೊಲೋ ಕೂತಿದ್ವು. ಮೂರು ಮಾತ್ರ ತಲಿ ಪೂರಾ ಒಳಗ ಹೋಗಿ ಸುತ್ತ ದುಂಡಗ ಕತ್ತರಿಸಿತ್ತು. ಅವನ್ನ ಕೀಳಲಿಲ್ಲ, ಮಗ್ಗಲಾ ಒಂದು ಇಂಚು ಬಿಟ್ಟು ಹೊಸಾ ಮೊಳಿ ಸುತ್ತಿಗಿಂದ ಸಮ ಕೂಡಿಸಿದ್ವಿ, ಹಳೀ ತೂತಿಗೆ ಡಾಂಬರ್ ಸಿಮೆಂಟ್ ಒತ್ತಿದ್ವಿ, ಬಿಡಿಸಿದ ಐದೂ ಎಲಿ ಮತ್ತ ಹತ್ತಿಸಿದ್ವಿ. ಬಿಡಿಸಿದ್ದನ್ನ ಹಂಗೇ ಬಿಟ್ಟು ಇಳದ್ರ ಮುಂದಿನ ಗಾಳಿಗೆ ಅದೇ ಮೊದ್ಲು ಹೋಗೋದು.

14, 15, 16ನೇ ಸಾಲಿಗೆ ನಾವು ಕೈ ಹಚ್ಚಲಿಲ್ಲ. ಅದು ಅವರ ಕೆಲಸ, ಅವರೇ ಮಾಡ್ಬೇಕು ಅಂತ ನನ್ನ ಹಟ. ಗ್ರಾಫ್ ಹಾಳಿ, ಒಳಗಿನ ತುದಿ ಫೋಟೋ, ಮ್ಯಾಗ್ನೆಟ್ ಜಗ್ಗಿದ ಕಡಿ ಪಟ್ಟಿ ಇಟ್ಟು ತಗದ ಫೋಟೋ ಎಲ್ಲಾ ತಗೊಂಡು ಹೋಗಿ ಕಾಂಟ್ರಾಕ್ಟರ್ ಮುಂದ ಇಟ್ಟೆ. ಮೊದ್ಲು ಒಪ್ಪಲಿಲ್ಲ, ಎತ್ತಿ ನೋಡ್ದೆ ಹ್ಯಾಂಗ ಹೇಳ್ತೀರಿ ಅಂದ. ಮನಿಗೆ ಬಾ ಅಂದೆ, ಬಂದ, ಅವನ ಕೈಗೇ ಮ್ಯಾಗ್ನೆಟ್ ಕೊಟ್ಟೆ. 13ನೇ ಸಾಲಿನ್ಯಾಗ ಒಮ್ಮಿ, 14ರಾಗ ಒಮ್ಮಿ ಆಡಿಸಿ ನೋಡಿ ಏನೂ ಮಾತಾಡ್ದೇ ಇಳದ.

ಜನವರಿ ಎರಡನೇ ವಾರ ಹಳಬರಿಬ್ಬರು ಬಂದ್ರು, ಮುಂಜಾನಿ ಏಳಕ್ಕ, ನಾನು ಹೇಳಿದ ಹೊತ್ತಿಗೆ. ಗನ್ ತಂದಿರ್ಲಿಲ್ಲ, ಸುತ್ತಿಗಿ ತಂದಿದ್ರು. ಅವರು ಮ್ಯಾಲ ಒಂದೊಂದು ಎಲಿ ಬಿಡಿಸಿ ಸರಿ ಜಾಗಕ್ಕ ಮೊಳಿ ಹೊಡೀಲತ್ತಿದ್ರ, ಚಾಚಾ ಕೆಳಗ ರೂಮಿನ್ಯಾಗ ಸ್ಟೂಲ್ ಮ್ಯಾಲ ನಿಂತು ಬ್ಯಾಟ್ರಿ ಹಿಡ್ದು ಹೊಸಾ ತುದಿ ಬಂದಂಗ ಬಂದಂಗ ಪಟ್ಟಿ ಇಟ್ಟು ಅಳದು, ಕಿಟಕ್ಯಾಗಿಂದ "ಐದು ಇಂಚು, ಬರೋಬರಿ, ಮುಂದ ನಡಿ" ಅಂತ ಮ್ಯಾಲಕ್ಕ ಕೂಗ್ತಿದ್ರು.